ಬಿಸಿಲು ತಡೆಯದ ಮೈಗಳಿಗಾಗಿ: ಚಿಕ್ಕಮಗಳೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕಡೂರು ಸೀಮೆಯಿಂದ ನಮಸ್ಕಾರ. ನಾನು ಎಚ್‌ಐವಿ ಇರುವ ಹೆಣ್ಣುಮಗಳು, ಕೂಲಿ ಮಾಡಿ ಬದುಕುತ್ತೇನೆ. ಎಚ್‌ಐವಿ ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆ ಉಚಿತವಾಗಿ ಸಿಗುತ್ತಿದೆ, ತಪ್ಪದೆ ನುಂಗುತ್ತೇನೆ. ಅದರ ಬಗ್ಗೆ ದೂರಿಲ್ಲ. ನಾನು ಹೇಳಬೇಕಿರುವುದು ಬಿಸಿಲಿನ ಬಗ್ಗೆ.

ಎಚ್‌ಐವಿ ಇರುವ ಕೆಲವರ ಚರ್ಮಕ್ಕೆ ಬಿಸಿಲು ಆಗಿಬರುವುದಿಲ್ಲ. ರೋಗ ತಡೆಯುವ ಶಕ್ತಿ ಎಷ್ಟಿದೆ ಅಂತ ತೋರಿಸುವ ಸಿಡಿ4 ಎಣಿಕೆ ಕೆಳಗಿಳಿದಾಗ ಈ ಕಾಟ ಜಾಸ್ತಿ. ಕೆಲವರಲ್ಲಿ ಸೋಂಕಿನ ಮೊದಲ ಸುಳಿವೇ ಇದು. ಬೇರೆ ಸೋಂಕು ತಗಲದಿರಲಿ ಅಂತ ಕೊಡುವ ಕೋಟ್ರೈಮಾಕ್ಸಜೋಲ್ ಗುಳಿಗೆಯಿಂದಲೂ ಕೆಲವರಿಗೆ ಹೀಗಾಗುತ್ತದೆ. ಹಾಗಂತ ನಾವಾಗಿಯೇ ಗುಳಿಗೆ ಬಿಟ್ಟರೆ ಜೀವಕ್ಕೇ ಅಪಾಯ. ಡಾಕ್ಟರು ನೋಡಿಯೇ ಬದಲಿಸಬೇಕು.

ನನ್ನ ಕೈ ನೋಡಿದರೆ ನಿಮಗೇ ಗೊತ್ತಾಗುತ್ತದೆ. ರವಿಕೆ ತೋಳು ಮುಗಿಯುವ ಕಡೆ ಗೆರೆ ಎಳೆದ ಹಾಗಿದೆ. ಅದರ ಮೇಲೆ ಚರ್ಮ ನುಣುಪು. ಕೆಳಗೆ ಕಪ್ಪಗೆ, ದಪ್ಪಗೆ, ಕೆರೆದು ಕೆರೆದು ಒಡೆದಿದೆ. ಕೆನ್ನೆ, ಕತ್ತು, ಕಿವಿಯೂ ಹಾಗೇ. ಬಿಸಿಲು ಬೀಳದ ಗಲ್ಲದ ಅಡಿ ಮಾತ್ರ ಏನೂ ಆಗಿಲ್ಲ. ಈರುಳ್ಳಿ ಹೊಲದಲ್ಲಿ ಕಳೆ ಕೀಳುವಾಗ ಪಕ್ಕದ ಸಾಲಿನವರು "ಏನೇ ಅದು, ಅಂಟುತ್ತಾ?" ಅಂತಾರೆ. ಅಂಟಲ್ಲ ಅಂದರೂ ನೀರಿನ ಚೊಂಬು ನನ್ನ ಕೈಗೆ ಬರುವುದಿಲ್ಲ. ಸೋಂಕಿನ ಗುಟ್ಟು ಕಾಯಲು 2017ರ ಎಚ್‌ಐವಿ ಕಾಯ್ದೆ ಇದೆ, ಒಳ್ಳೆಯದೇ. ಆದರೆ ಊರಿನ ಅನುಮಾನ ಶುರುವಾಗುವುದೇ ಈ ಮುಖ ನೋಡಿ.

ಮಲೆನಾಡಿನ ಕಾಫಿ ತೋಟದಲ್ಲಿ ಮರದ ನೆರಳಾದರೂ ಉಂಟು. ಬಯಲುಸೀಮೆಯ ನಾವು ಮಾರ್ಚ್‌, ಏಪ್ರಿಲ್‌ನಲ್ಲಿ ಎಲ್ಲಿಗೆ ಹೋಗೋಣ? ನಡುಹಗಲು ಹೊರಗೆ ಬರಬೇಡಿ ಅನ್ನುತ್ತಾರೆ ಡಾಕ್ಟರು. ಬಿಸಿಲು ತಪ್ಪಿಸಿದರೆ ಕೂಲಿಯೂ ತಪ್ಪುತ್ತದೆ ಅಲ್ವಾ? ತುಂಬುತೋಳಿನ ಅಂಗಿ, ತಲೆಗೆ ಟವೆಲ್ ಹೇಗೋ ಹೊಂದಿಸಿಕೊಳ್ಳುತ್ತೇವೆ. ಬಿಸಿಲು ತಡೆಯಲು ಹಚ್ಚುವ ಸನ್‌ಸ್ಕ್ರೀನ್ ಕೊಳ್ಳಲು ಆಗಲ್ಲ. ಎರಡು ಗಂಟೆಗೊಮ್ಮೆ ಹಚ್ಚಬೇಕು, ಒಂದು ಟ್ಯೂಬ್ ಎಷ್ಟು ದಿನ ಬಂದೀತು? ಅಂಗಡಿಯಲ್ಲಿ ಕೇಳಿದರೆ "ಬೆಳ್ಳಗಾಗಬೇಕಾ?" ಅಂತ ನಗುತ್ತಾರೆ. ನಮಗೆ ಅದು ಔಷಧಿ, ಸಾರ್.

ಡಾಕ್ಟರು ಬರೆದುಕೊಟ್ಟವರಿಗೆ ಅದನ್ನೂ ಎಆರ್‌ಟಿ ಗುಳಿಗೆಯ ಜೊತೆ ಉಚಿತವಾಗಿ ಕೊಡಿಸಿ. ನಾವು ಗುಳಿಗೆಗೆ ಬರುವ ದಿನವೇ ಚರ್ಮದ ಡಾಕ್ಟರೂ ಸಿಗುವಂತೆ ಮಾಡಿ. ಇನ್ನೊಂದು ದಿನ ಬರಬೇಕೆಂದರೆ ಇನ್ನೊಂದು ದಿನದ ಕೂಲಿ ಹೋಗುತ್ತದೆ. ಬೇಸಿಗೆಯಲ್ಲಿ ಉದ್ಯೋಗ ಖಾತ್ರಿ ಕೆಲಸ ಬೆಳಗಿನ ಜಾವವೇ ಶುರುವಾಗಿ ಹತ್ತರೊಳಗೆ ಮುಗಿಯಲಿ. ಇದು ಎಲ್ಲರಿಗೂ ಇರಲಿ, ನಮಗೆ ಮಾತ್ರ ಬೇಡ. ಆಗ ಯಾರೂ ಪಂಚಾಯ್ತಿ ಮುಂದೆ ನಿಂತು ಕಾರಣ ಹೇಳಬೇಕಾಗಿಲ್ಲ.

ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯಲ್ಲಿ ಅಧಿಕಾರಿಗಳನ್ನು ಈ ಮೂರೂ ವಿಷಯ ಕೇಳಿ. ನನ್ನ ಹೆಸರು ಬರೆಯಲಾರೆ. ನಿಮ್ಮ ಉತ್ತರ ಪೇಪರಿನಲ್ಲಿ ಬಂದರೆ ಓದಿಕೊಳ್ಳುತ್ತೇನೆ.

ಇಂತಿ,
ಕಡೂರು ತಾಲ್ಲೂಕಿನ ಒಬ್ಬ ಕೂಲಿ ಹೆಣ್ಣುಮಗಳು