ಮತ ಎಣಿಸುವ ಮೊದಲೇ ಆಗುವ ಕೆಲಸ

ಗೆಳೆಯಾ,

ಸೆಲೆಬ್ರಿಟಿಗಳು ವೃತ್ತಿಪರ ನರ್ತಕರ ಜೊತೆ ಕುಣಿಯುವ ಬಿಬಿಸಿಯ ಸ್ಪರ್ಧೆ ‘ಸ್ಟ್ರಿಕ್ಟ್ಲಿ ಕಮ್ ಡ್ಯಾನ್ಸಿಂಗ್’ ಎಲ್ಲಾ ಮೊದಲೇ ಫಿಕ್ಸ್ ಆಗಿರುತ್ತೆ, ವೋಟು ಹಾಕುವುದೇ ದಂಡ ಅಂತ ಬರೆದಿದ್ದೀಯ. ವೋಟು ಕದಿಯುತ್ತಾರೆ ಅನ್ನುವುದನ್ನು ನಾನಂತೂ ನಂಬುವುದಿಲ್ಲ. 2007ರಲ್ಲಿ ಬ್ರಿಟನ್ನಿನ ಟಿವಿ ಫೋನ್ ಸ್ಪರ್ಧೆಗಳ ಹಗರಣ ಬಯಲಾಗಿ, ಪ್ರಸಾರ ನಿಯಂತ್ರಕ ಆಫ್‌ಕಾಮ್, ಜಿಎಂಟಿವಿ ಅನ್ನುವ ಟಿವಿ ಸಂಸ್ಥೆಗೆ 20 ಲಕ್ಷ ಪೌಂಡ್ ದಂಡ ಜಡಿದ ಮೇಲೆ ಆ ಹುತ್ತಕ್ಕೆ ಕೈ ಹಾಕುವ ಧೈರ್ಯ ಯಾರಿಗಿದ್ದೀತು? ಕೈಚಳಕ ಏನಿದ್ದರೂ ಎಣಿಕೆಗೆ ಮುಂಚೆ, ನಿಯಮದೊಳಗೇ ನಡೆಯುತ್ತದೆ.

ಮೊದಲು ಲೆಕ್ಕ ನೋಡು. ನಾಲ್ವರು ಜಡ್ಜುಗಳು ಸೇರಿ 40ಕ್ಕೆ ಅಂಕ ಕೊಡುತ್ತಾರೆ ನಿಜ, ಆದರೆ ಕೊನೆಗೆ ಉಳಿಯುವುದು ಸ್ಥಾನ ಮಾತ್ರ. 10 ಜೋಡಿಗಳಿದ್ದರೆ ಮೊದಲಿನವರಿಗೆ 10 ಪಾಯಿಂಟು, ಕಡೆಯವರಿಗೆ 1. ಜನರ ಮತಕ್ಕೂ ಇದೇ ಅಳತೆ. ಎರಡನ್ನೂ ಕೂಡಿಸಿ, ಸಮ ಬಂದರೆ ಜನಮತಕ್ಕೆ ಮೇಲುಗೈ. ಕೆಳಗಿನ ಎರಡು ಜೋಡಿ ಡ್ಯಾನ್ಸ್-ಆಫ್‌ಗೆ, ಅಂದರೆ ಉಳಿಯಲು ಮತ್ತೊಮ್ಮೆ ಕುಣಿಯುವ ಸುತ್ತಿಗೆ, ಇಳಿಯುತ್ತವೆ; ಅಲ್ಲಿ ಜಡ್ಜುಗಳದೇ ತೀರ್ಪು. ಹೀಗಾಗಿ ಮೊದಲ ಸ್ಥಾನ 39ರಿಂದ ಬಂದರೂ ಒಂದೇ, 33ರಿಂದ ಬಂದರೂ ಒಂದೇ. ಅದೇ ನಡುವೆ 31, 30, 29 ಅಂತ ಒತ್ತೊತ್ತಾಗಿ ನಿಂತಿದ್ದಾಗ 31ರ ಜೋಡಿಗೆ ಒಬ್ಬ ಜಡ್ಜು 8ರ ಬದಲು 5 ಕೊಟ್ಟರೆ ಸಾಕು, ಎರಡು ಸ್ಥಾನ ಖೋತಾ. ನಿನ್ನ ಕಣ್ಣು 10ರ ಫಲಕದ ಮೇಲಿರುತ್ತದೆ, ಏಟು ಬೀಳುವುದು ನಡುವಿನವರಿಗೆ.

ಹತ್ತು ಜೋಡಿಗಳಲ್ಲಿ ಜಡ್ಜುಗಳಿಗೆ ಕೊನೆಯವನಾದವನು ಜನರಿಗೆ ಮೊದಲಿಗನಾದರೆ 1+10, ಒಟ್ಟು 11. ಎರಡರಲ್ಲೂ ಐದನೇ ಅಥವಾ ಆರನೇ ಸ್ಥಾನ ಹಿಡಿದ ಜೋಡಿಗೂ 11ರ ಆಸುಪಾಸೇ. ಪತ್ರಕರ್ತ ಜಾನ್ ಸಾರ್ಜೆಂಟ್ 2008ರಲ್ಲಿ ಬಡಪಾಯಿ ಅಂಕಗಳ ನಡುವೆಯೂ ವಾರಗಟ್ಟಲೆ ಉಳಿದದ್ದಕ್ಕೆ ಹುನ್ನಾರ ಬೇಕಿರಲಿಲ್ಲ, ಜನಮತದ ಬಲವೇ ಸಾಕಿತ್ತು. ಕೊನೆಗೆ ಎಲ್ಲಿ ಗೆದ್ದುಬಿಡುತ್ತೇನೋ ಅಂತ ಅವರೇ ಹೊರನಡೆದರು.

ಅದೇ ವರ್ಷದ ಸೆಮಿಫೈನಲ್ ಇನ್ನೂ ಸ್ವಾರಸ್ಯ. ಮೂರು ಜೋಡಿ. ರೇಚಲ್ ಸ್ಟೀವನ್ಸ್, ಲಿಸಾ ಸ್ನೋಡನ್ ಇಬ್ಬರೂ ಜಡ್ಜುಗಳ ಅಂಕದಲ್ಲಿ ಸಮ. ಇಬ್ಬರಿಗೂ 3 ಪಾಯಿಂಟು, ಟಾಮ್ ಚೇಂಬರ್ಸ್‌ಗೆ 1. ಈಗ ಕಾಗದದ ಮೇಲೆ ಹಾಕಿ ನೋಡು: ಇಡೀ ದೇಶ ಟಾಮ್‌ಗೇ ಮತ ಹಾಕಿದರೂ 1+3=4. ಉಳಿದಿಬ್ಬರಿಗೆ 5 ಮತ್ತು 4. ಟಾಮ್ ಡ್ಯಾನ್ಸ್-ಆಫ್ ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ! ಜನ ದುಡ್ಡು ಕೊಟ್ಟು ಮಾಡಿದ ಫೋನು ಹೊಳೆಯಲ್ಲಿ ಹುಣಸೆ ತೊಳೆದಂತೆ. ಬಿಬಿಸಿ ಡ್ಯಾನ್ಸ್-ಆಫ್ ರದ್ದು ಮಾಡಿ ಮೂವರನ್ನೂ ಫೈನಲ್‌ಗೆ ಕಳಿಸಬೇಕಾಯಿತು. ಗೆದ್ದದ್ದು ಟಾಮೇ. 3, 3, 2 ಅಂತ ಕೊಟ್ಟಿದ್ದರೆ ಈ ಫಜೀತಿ ಇರುತ್ತಿರಲಿಲ್ಲ: ಜನರ ಆಯ್ಕೆಯಾದ ಟಾಮ್‌ಗೆ 5 ಬಂದು, ಸಮದಲ್ಲಿ ಮೇಲುಗೈಯೂ ಸಿಕ್ಕಿ ಪಾರಾಗುವ ದಾರಿ ತೆರೆದಿರುತ್ತಿತ್ತು.

ಇದರದೇ ಅಮೆರಿಕದ ರೂಪ ‘ಡ್ಯಾನ್ಸಿಂಗ್ ವಿತ್ ದ ಸ್ಟಾರ್ಸ್’ನಲ್ಲಿ ಬಹುಕಾಲ ಶೇಕಡಾವಾರು ಲೆಕ್ಕವಿತ್ತು: ಜಡ್ಜುಗಳ ಅಂಕದಲ್ಲಿ ಸಿಕ್ಕ ಪಾಲನ್ನೂ ಜನಮತದ ಪಾಲನ್ನೂ ಕೂಡಿಸುವುದು. ಅದರ ರೋಗ ಬೇರೆ. ನಾಲ್ಕು ಜೋಡಿಗೆ 30, 30, 28, 26 ಬಂತು ಅಂದುಕೋ. ಒಟ್ಟು 114ರಲ್ಲಿ ಮೊದಲಿನವರ ಪಾಲು ಶೇ 26.3, ಕಡೆಯವರದು ಶೇ 22.8. ಅಂತರ ಮೂರೂವರೆ ಅಷ್ಟೇ. ಜನಮತದಲ್ಲಿ ಒಬ್ಬನಿಗೆ ಶೇ 35, ಇನ್ನೊಬ್ಬನಿಗೆ ಶೇ 20 ಬಂದರೆ ಜಡ್ಜುಗಳ ಮಾತು ಗಾಳಿಗೆ. 2018ರಲ್ಲಿ ರೇಡಿಯೋ ನಿರೂಪಕ ಬಾಬಿ ಬೋನ್ಸ್ ಕಡಿಮೆ ಅಂಕಗಳಿಟ್ಟುಕೊಂಡೂ ಗೆದ್ದಾಗ ಗಲಾಟೆಯಾಗಿ, ಮರುವರ್ಷ ಕೆಳಗಿನಿಬ್ಬರಲ್ಲಿ ಒಬ್ಬರನ್ನು ಉಳಿಸುವ ಅಧಿಕಾರ ಜಡ್ಜುಗಳಿಗೆ ಬಂತು.

ಇನ್ನು ನಿರ್ಮಾಪಕರ ಕೈ. ಯಾವ ಸೆಲೆಬ್ರಿಟಿಗೆ ಯಾವ ನರ್ತಕ, ಯಾವ ವಾರ ಯಾವ ನೃತ್ಯ, ಯಾರು ಮೊದಲು ಯಾರು ಕೊನೆಗೆ — ಇದೆಲ್ಲ ಅವರ ಮೇಜಿನ ಮೇಲೇ ತೀರ್ಮಾನವಾಗುವುದು. ರುಂಬಾ ನಿಧಾನದ ನೃತ್ಯ. ಸೊಂಟದ ಚಲನೆ, ಪಾದದ ಒತ್ತು ಎಲ್ಲವೂ ಬೆತ್ತಲು, ಹೊಸಬ ಗಂಡಸಿಗೆ ಅಲ್ಲಿ ಅಡಗಲು ಜಾಗವೇ ಇಲ್ಲ. ಅದೇ ಚಾರ್ಲ್ಸ್‌ಟನ್ ಕೊಟ್ಟರೆ ವೇಗ, ವೇಷ, ತಮಾಷೆಯಲ್ಲಿ ಅರ್ಧ ತಪ್ಪು ಮುಚ್ಚಿಹೋಗುತ್ತದೆ. ಸರದಿಯೂ ಸಣ್ಣದಲ್ಲ. ಫಿಗರ್ ಸ್ಕೇಟಿಂಗ್ ಮತ್ತು ಯೂರೋವಿಷನ್ ಹಾಡಿನ ಸ್ಪರ್ಧೆಯ ಅಂಕಗಳನ್ನು ಜಾಲಾಡಿದ ಸಂಶೋಧನೆಯಲ್ಲಿ ತಡವಾಗಿ ಬಂದವರಿಗೆ ಹೆಚ್ಚು ಅಂಕ ಬೀಳುವುದು ಕಂಡಿದೆ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಬಲವಾದದ್ದು ನೃತ್ಯಕ್ಕೆ ಮುಂಚಿನ ಆ ತುಣುಕು. ಒಬ್ಬನಿಗೆ ಅಮ್ಮನ ಕಣ್ಣೀರು, ಇನ್ನೊಬ್ಬನಿಗೆ ಪೆದ್ದುಪೆದ್ದು ಜೋಕು. ಹೆಜ್ಜೆ ಇಡುವ ಮೊದಲೇ ಅರ್ಧ ಮತ ಹಂಚಿಕೆಯಾಗಿರುತ್ತದೆ. ನೃತ್ಯ ಕಲಿತೇ ಬಂದವರನ್ನೂ ಚೆಂಡು ಒದ್ದೇ ಬೆಳೆದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದಂತೂ ಆಯ್ಕೆಯ ದಿನವೇ ಆದ ಅನ್ಯಾಯ.

ಬಿಬಿಸಿಯ ಮೇಲೆ ನನ್ನ ತಕರಾರು ಒಂದೇ, ಮತಗಳ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸೀಸನ್ ಮುಗಿದ ಮೇಲಾದರೂ ವಾರವಾರದ ಲೆಕ್ಕ ಹೊರಗಿಟ್ಟರೆ ಅರ್ಧ ಗುಮಾನಿ ಕರಗೀತು. ಅಲ್ಲಿಯವರೆಗೆ ಶನಿವಾರ ಒಂದು ಚೀಟಿ ಇಟ್ಟುಕೋ: ಜೋಡಿ, ನೃತ್ಯ, ಸರದಿ, ಜಡ್ಜುಗಳ ಸ್ಥಾನ. ಭಾನುವಾರ ಕೆಳಗೆ ಬಿದ್ದವರ ಸಾಲಿಗೆ ಗುರುತು ಹಾಕು. ಫೈನಲ್ ದಿನ ಮಾತ್ರ ಆ ಚೀಟಿ ಬೇಡ, ಅಂದು ಜಡ್ಜುಗಳ ಅಂಕ ತೋರಿಕೆಗಷ್ಟೆ. ಗೆಲ್ಲಿಸುವುದು ಜನರ ವೋಟೇ. ಆರೇಳು ವಾರದ ಚೀಟಿ ಸೇರಿದ ಮೇಲೆ ಫೋಟೋ ತೆಗೆದು ಕಳಿಸು, ಇಬ್ಬರೂ ಕೂತು ನೋಡೋಣ.

ನಿನ್ನವ