ಮಳೆಗಾಲಕ್ಕೆ ಬೇಕಾದ ಒಣಹುಲ್ಲನ್ನು ಡಿಸೆಂಬರ್‌ನಲ್ಲೇ ಕೊಂಡಿಡಿ

ಮಾನ್ಯರೇ,

ಮಲೆನಾಡಿನಲ್ಲೂ ಮೇವಿಗೆ ಬರವಾ ಎಂದು ಬಯಲುಸೀಮೆಯ ನೆಂಟರು ನಗುತ್ತಾರೆ. ಎಲ್ಲಿ ನೋಡಿದರೂ ಹಸಿರು, ನಿಜ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಕೊಟ್ಟಿಗೆಯಲ್ಲಿ ಒಣಹುಲ್ಲಿಗೆ ಪರದಾಟ. ಮಳೆಯಲ್ಲಿ ಎದ್ದ ಎಳೆಹುಲ್ಲಿನಲ್ಲಿ ನೀರೇ ಜಾಸ್ತಿ. ಬರೀ ಅದನ್ನೇ ಹಾಕಿದರೆ ಸಗಣಿ ನೀರಾಗುತ್ತದೆ, ಹಾಲಿನ ಫ್ಯಾಟ್ ಇಳಿಯುತ್ತದೆ, ಡೇರಿಯಲ್ಲಿ ರೇಟೂ ಇಳಿಯುತ್ತದೆ. ತೋಟದ ಹುಲ್ಲು ಕೊಯ್ಯೋಣ ಅಂದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಿರುತ್ತೇವೆ. ಮೈಲುತುತ್ತದ ನೀಲಿ ಕಲೆ ಇರುವ ಹುಲ್ಲನ್ನು ದನದ ಮುಂದೆ ಹಾಕಲು ಧೈರ್ಯ ಬರುವುದಿಲ್ಲ.

ನಾನು ಮದುವೆಯಾಗಿ ಬಂದಾಗ ಮನೆ ಹಿಂದೆ ಎರಡು ಹುಲ್ಲುಗೊಣಬೆ ಇದ್ದವು. ಗದ್ದೆಯ ಹುಲ್ಲು, ಬ್ಯಾಣದಿಂದ (ಹುಲ್ಲು ಬೆಳೆಯುವ ಜಾಗದಿಂದ) ಕೊಯ್ದು ತಂದ ಕರಡ ಎಂಬ ಒಣಹುಲ್ಲು, ಎರಡೂ ಸೇರಿ ವರ್ಷಕ್ಕೆ ಸಾಕಾಗುತ್ತಿತ್ತು. ಈಗ ಗದ್ದೆ ಅಡಿಕೆ ತೋಟವಾಗಿದೆ (ನಾವೂ ಮಾಡಿದ್ದೇವೆ, ಬೇರೆಯವರನ್ನು ಬೈದು ಏನು ಬಂತು). ಬ್ಯಾಣದಲ್ಲಿ ಅಕೇಶಿಯಾ ನಿಂತಿದೆ. ಅದರ ತರಗು ಬಿದ್ದ ಕಡೆ ಹುಲ್ಲು ಏಳುವುದಿಲ್ಲ. ಅತ್ತೆ ಸಾಕಿದ್ದ ಮಲೆನಾಡು ಗಿಡ್ಡಗಳು ಕಾಡು ಸುತ್ತಿ ಮೇಯ್ದು ಬಂದು ಲೀಟರೋ ಎರಡು ಲೀಟರೋ ಕೊಡುತ್ತಿದ್ದವು. ಈಗಿರುವ ಎರಡು ಜರ್ಸಿಗಳಿಗೆ ಎಲ್ಲವೂ ನಿಂತಲ್ಲಿಗೇ ಬರಬೇಕು.

ಒಂದಕ್ಕೆ ದಿನಕ್ಕೆ 6 ಕೆ.ಜಿ. ಒಣಹುಲ್ಲು ಅಂದರೂ ಎರಡಕ್ಕೆ ಐದು ತಿಂಗಳಿಗೆ 1,800 ಕೆ.ಜಿ. ಬೇಕು. ಅದು ಲಾರಿಯಲ್ಲಿ ಭದ್ರಾ ಅಚ್ಚುಕಟ್ಟಿನ ಕಡೆಯಿಂದ ಬರುತ್ತದೆ. ಅಲ್ಲಿ ನವೆಂಬರ್, ಡಿಸೆಂಬರ್‌ನಲ್ಲಿ ಭತ್ತ ಕೊಯ್ಯುವಾಗ ಹುಲ್ಲು ಗರಿಗರಿಯಾಗಿ ಒಣಗಿರುತ್ತದೆ. ನಮಗೆ ಆಗ ಅಡಿಕೆ ಕೊಯ್ಲಿನ ಕೂಲಿ ಕೊಡುವುದಕ್ಕೇ ದುಡ್ಡು ಸಾಲದು. ಹಾಗಾಗಿ ಬೇಸಿಗೆ ಬೆಳೆಯ ಹುಲ್ಲನ್ನು ಮೇ ತಿಂಗಳಲ್ಲಿ ಕೊಳ್ಳುತ್ತೇವೆ. ಅಷ್ಟರಲ್ಲಿ ಅದರ ಮೇಲೆ ಒಂದೆರಡು ಮಳೆ ಬಿದ್ದಿರುತ್ತದೆ.

ಕಳೆದ ವರ್ಷ ನಾನು ತರಿಸಿದ ಲೋಡೂ ಹಾಗೇ. ಲಾರಿ ನಮ್ಮ ಏರು ಹತ್ತಲಿಲ್ಲ. ಡಾಂಬರು ರಸ್ತೆಯಲ್ಲೇ ಇಳಿಸಿ ಪಿಕಪ್‌ನಲ್ಲಿ ಎರಡು ಟ್ರಿಪ್ ಹೊಡೆಸಿದೆವು. ರೋಲ್‌ಗಳು ಹೊರಗಿನಿಂದ ಚೆನ್ನಾಗಿಯೇ ಕಂಡವು. ಬಿಚ್ಚಿದರೆ ಒಳಗೆಲ್ಲ ಬಿಳಿ ಬೂಷ್ಟು. ಹಸು ಮೂಸಿ ನೋಡಿ ಮುಖ ತಿರುಗಿಸಿತು. ಅರ್ಧ ಲೋಡು ಗೊಬ್ಬರದ ಗುಂಡಿಗೆ ಹೋಯಿತು. ಫೋನ್ ಮಾಡಿ ಕೇಳಿದರೆ ವ್ಯಾಪಾರಿ, ‘ಮಳೆ ನಾನು ತರಿಸಿದ್ದಾ ಅಮ್ಮಾ?’ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೇವು ಬ್ಯಾಂಕ್ ಎಂಬ ಮಾತು ನಾವು ಕೇಳುವುದು ಬರಗಾಲದಲ್ಲಿ ಮಾತ್ರ. ನಮ್ಮ ಕಷ್ಟ ಮಳೆಗಾಲದ್ದು. ಹಾಲಿನ ಸಂಘದಲ್ಲಿ ಹಿಂಡಿ ಚೀಲ ಕೊಟ್ಟು ಬಟವಾಡೆಯಲ್ಲಿ ಮುರಿದುಕೊಳ್ಳುತ್ತಾರಲ್ವಾ? ಒಣಹುಲ್ಲಿಗೂ ಹಾಗೇ ಮಾಡಲಿ. ಹಾಲು ಒಕ್ಕೂಟ ಮತ್ತು ಪಶುಸಂಗೋಪನಾ ಇಲಾಖೆ ಕೂತು ಮಾತಾಡಿ, ಡಿಸೆಂಬರ್‌ನಲ್ಲೇ ಕೊಂಡು, ನಾಲ್ಕೈದು ಊರಿಗೊಂದು ಕಡೆ ಕೂಡಿಡಲಿ. ಸಬ್ಸಿಡಿ ಕೊಡದಿದ್ದರೂ ಪರವಾಗಿಲ್ಲ, ಒಣಗಿದ ಹುಲ್ಲು ಕೊಟ್ಟರೆ ಸಾಕು.

ಜಾಗ ಎಲ್ಲಿ ಎಂದು ಕೇಳಬಹುದು. ನಮ್ಮೂರಲ್ಲಿ ಹಳೇ ಅಕ್ಕಿ ಗಿರಣಿಯ ಶೆಡ್ ಖಾಲಿ ಬಿದ್ದಿದೆ. ತಗಡು ಎರಡು ಕಡೆ ಸೋರುತ್ತದೆ, ಅಷ್ಟೇ.

– ಡೇರಿಗೆ ಹಾಲು ಹಾಕುವ ಒಬ್ಬ ಮಹಿಳೆ, ಹೊಸನಗರ ತಾಲ್ಲೂಕು