ಗುಜರಿಗೆ ಹಾಕುವ ಮುಂಚೆ ಬಿಡಿಭಾಗ ತೆಗೆದಿಡಿ

ಮಾನ್ಯರೇ,

ತುಮಕೂರಿನ ಒಂದು ಕಾಲೇಜು ಲ್ಯಾಬಿನ ಹಳೇ ಆಸಿಲೋಸ್ಕೋಪುಗಳು (ವಿದ್ಯುತ್ ಸಂಕೇತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಯಂತ್ರಗಳು) ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು ಅಂತ ಕೇಳಿ ಹೊಟ್ಟೆ ಉರಿಯಿತು. ಇಂಥವನ್ನು ರಿಪೇರಿ ಮಾಡುವ ನಮಗೆ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಬಿಡಿಭಾಗ) ಸಮಸ್ಯೆಯೇ ಅಲ್ಲ, ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗೆ ಬದಲಿ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತದೆ. ಸಿಗದೇ ಇರುವುದು ಪಿಕ್ಚರ್ ಟ್ಯೂಬು, ರೇಂಜ್ ಸ್ವಿಚ್ಚು, ಕಂಪನಿ ತನಗಂತಲೇ ಮಾಡಿಸಿದ ಐಸಿ ಚಿಪ್ಪು. 1972ರಲ್ಲಿ ಬಂದ ಟೆಕ್‌ಟ್ರಾನಿಕ್ಸ್ ಕಂಪನಿಯ 465 ಸ್ಕೋಪಿಗೆ ಟ್ಯೂಬ್ ಬೇಕಾದರೆ ಕೆಟ್ಟು ನಿಂತ ಇನ್ನೊಂದು 465 ಹುಡುಕಬೇಕು, ಬೇರೆ ದಾರಿ ಸಿಗುವುದೇ ಕಷ್ಟ. ನನ್ನ ಮೇಜಿನ ಮೇಲಿರುವ ಸ್ಕೋಪಿನಲ್ಲಿ ಗೆರೆ ಚೆನ್ನಾಗಿಯೇ ಮೂಡುತ್ತದೆ, ಆದರೆ ಗೆರೆ ಓಡುವ ವೇಗ ಬದಲಿಸುವ ಟೈಮ್‌ಬೇಸ್ ಸ್ವಿಚ್ಚಿನ ಒಳಗೆ ತಿರುಗುವ ಪ್ಲಾಸ್ಟಿಕ್ ಕ್ಯಾಮ್ ಸೀಳಿದೆ. ಅಷ್ಟಕ್ಕೇ ಸುಮ್ನೆ ಕೂತಿದೆ!

ಕಾಲೇಜುಗಳು ಹರಾಜಿಗೆ ಮುಂಚೆ ಮೇಷ್ಟ್ರ ಎದುರಲ್ಲೇ ಹುಡುಗರಿಂದ ಇವನ್ನು ಬಿಚ್ಚಿಸಿ, ಟ್ಯೂಬು, ಸ್ವಿಚ್ಚು, ನಾಬುಗಳನ್ನು ಮಾಡೆಲ್ ನಂಬರ್ ಬರೆದು ಎತ್ತಿಡಲಿ. ಮ್ಯಾನುಯಲ್ಲನ್ನಂತೂ ದಯವಿಟ್ಟು ರದ್ದಿಗೆ ಹಾಕಬೇಡಿ.

– ರಿಪೇರಿ ಕೆಲಸದ ಓದುಗ, ತುಮಕೂರು